ರಾತ್ರಿ ಹಿರಿಯರಿಗೆ, ಹಗಲು ಕಿರಿಯರಿಗೆ

ಪ್ರಶ್ನೆ: ನಮ್ಮ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿದ್ದಾರೆ. ಈ ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದಾರೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಿ ರಾಮನಗರದ ಕಡೆ ನಾಲ್ಕು ರಾತ್ರಿ ಇದ್ದು ಬರೋಣ ಅಂತ ಮಾತಾಗಿದೆ. ನಮ್ಮ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರು ಮೊದಲು ಕೆಲಸಕ್ಕೆ ಸೇರಿದ್ದೇ ರಾಮನಗರದಲ್ಲಿ. ಆ ಗೂಡಿನ ಮಾರುಕಟ್ಟೆಯನ್ನು ಮೊಮ್ಮಕ್ಕಳಿಗೆ ತೋರಿಸಬೇಕು ಅಂತ ಅವರಿಗೆ ಆಸೆ. ಎರಡೂ ಮಂಡಿ ಆಪರೇಷನ್ ಆಗಿದೆ, ಮೆಟ್ಟಿಲು ಕಷ್ಟ. ಸೊಸೆಗೆ ಬಂಡೆ ಹತ್ತುವ ಹುಚ್ಚು, ಸಾವನದುರ್ಗ ಹತ್ತಲೇಬೇಕಂತೆ. ಮಗ ಕನಕಪುರದ ಕಡೆ ಈಜುಕೊಳ ಇರುವ ರೆಸಾರ್ಟ್ ನೋಡಿಟ್ಟಿದ್ದಾನೆ. ಹನ್ನೊಂದು ವರ್ಷದ ಮೊಮ್ಮಗನಿಗೆ ಶೋಲೆ ಬೆಟ್ಟ, ಆರು ವರ್ಷದ ಮೊಮ್ಮಗಳಿಗೆ ಚನ್ನಪಟ್ಟಣದ ಬೊಂಬೆ.

ಇದರ ಮಧ್ಯೆ ಚನ್ನಪಟ್ಟಣದಲ್ಲಿರುವ ನನ್ನ ನಾದಿನಿ ಫೋನ್ ಮಾಡಿ, "ಅತ್ತಿಗೆ, ನಾನು ಇಲ್ಲಿರುವಾಗ ಅಣ್ಣ ಲಾಡ್ಜಿನಾಗೆ ಇಳ್ಕಂಡ್ರೆ ಬೀದಿಯೋರು ಏನಂದ್ಕಂತಾರೆ? ನೀವೆಲ್ಲ ನಮ್ಮನೆಗೇ ಬರಬೇಕು" ಅಂತ ಕೂತಿದ್ದಾಳೆ. ಅವಳ ಮನೆ ಮೊದಲನೇ ಮಹಡಿ, ಕಡಿದಾದ ಮೆಟ್ಟಿಲು, ಬಚ್ಚಲು ಒಂದೇ. ಅವಳು, ಅವಳ ಗಂಡ, ಮಗ, ನಾವು ಆರು ಜನ. ಮಗ "ಆಗಲ್ಲಮ್ಮ" ಅನ್ನುತ್ತಾನೆ. ಯಜಮಾನರು ಏನೂ ಅನ್ನುವುದಿಲ್ಲ. ನಾನು ಯಾರ ಮಾತು ಕೇಳಲಿ? ಎಲ್ಲಿ ಉಳಿದರೆ ಎಲ್ಲರಿಗೂ ಸರಿಹೋಗುತ್ತದೆ? ಮೊಮ್ಮಗಳು ಹುಟ್ಟುವ ಮುಂಚೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಕಟ್ಟುತ್ತೇನೆಂದು ಹರಕೆ ಹೊತ್ತಿದ್ದೆ. ಅದೂ ಹಾಗೇ ಉಳಿದಿದೆ.
— ಹೆಸರು ಬೇಡ, ಹಾಸನ

ಉತ್ತರ: ಪ್ರಿಯ ಸೋದರಿ,

ನಿಮ್ಮ ಪತ್ರದಲ್ಲಿ ಆರು ಜನರ ಇಷ್ಟವಿದೆ. ಐದು ಜನರದ್ದು ಮೊದಲೇ ಬಂದಿದೆ, ನಿಮ್ಮದು ಕೊನೆಯ ಸಾಲಿನಲ್ಲಿ, ಅದೂ ಹರಕೆಯ ನೆಪದಲ್ಲಿ. ಆ ಸಾಲನ್ನು ಮರೆಯದೆ ಉತ್ತರ ಬರೆಯುತ್ತಿದ್ದೇನೆ.

ಎಲ್ಲರಿಗೂ ಸರಿಹೋಗುವ ಜಾಗ ಎಲ್ಲಿದೆ ಎಂದು ಹುಡುಕುತ್ತಾ ಹೋದರೆ ಸಿಗುವುದಿಲ್ಲ. ಇಂಥ ಮನೆಮಂದಿಯ ಪ್ರವಾಸದಲ್ಲಿ ನಾನು ಎಲ್ಲರಿಗೂ ಹೇಳುವ ಸೂತ್ರ ಒಂದೇ: ಮಲಗುವ ಜಾಗವನ್ನು ಹಿರಿಯರ ಮಂಡಿ ನೋಡಿ ಆರಿಸಿ, ಹಗಲಿನ ತಿರುಗಾಟವನ್ನು ಕಿರಿಯರ ಕಾಲು ನೋಡಿ ಹಾಕಿಕೊಳ್ಳಿ. ಬೆಟ್ಟ ಹತ್ತುವವರು ಬೆಟ್ಟದ ಬುಡದಲ್ಲೇ ಮಲಗಬೇಕಾಗಿಲ್ಲ, ಒಂದು ಗಂಟೆ ಮುಂಚೆ ಎದ್ದರಾಯಿತು. ಮಂಡಿ ನೋವಿನವರಿಗೆ ಮಾತ್ರ ಕಮೋಡ್ ಇಲ್ಲದ ಬಚ್ಚಲು, ಕೈಹಿಡಿ ಇಲ್ಲದ ಮೆಟ್ಟಿಲು ಇದ್ದರೆ ಪ್ರವಾಸವೇ ಮುಗಿದಂತೆ. ಸುಧಾರಿಸಿಕೊಂಡು ಹೋಗುವ ಶಕ್ತಿ ಕಿರಿಯರಿಗಿದೆ, ಆದ್ದರಿಂದ ಸುಧಾರಿಸಿಕೊಳ್ಳಬೇಕಾದವರೂ ಅವರೇ.

ಈ ಲೆಕ್ಕದಲ್ಲಿ ನಾಲ್ಕು ಊರುಗಳನ್ನೂ ಒಮ್ಮೆ ನೋಡೋಣ.

ಕನಕಪುರದಿಂದ ಶುರುಮಾಡುತ್ತೇನೆ, ನಿಮ್ಮ ಮಗ ನೋಡಿಟ್ಟಿರುವುದು ಅಲ್ಲೇ ಆದ್ದರಿಂದ. ಮೊದಲು ಆ ರೆಸಾರ್ಟಿನ ವಿಳಾಸ ಸರಿಯಾಗಿ ಓದಲು ಹೇಳಿ. "ಕನಕಪುರ ರಸ್ತೆ" ಎಂದು ಬರೆದುಕೊಂಡಿರುವ ಎಷ್ಟೋ ಜಾಗಗಳು ಬೆಂಗಳೂರಿನ ಅಂಚಿನಲ್ಲಿವೆ. ಕನಕಪುರ ಪೇಟೆ ಅಲ್ಲಿಂದ ಇನ್ನೂ ಎಷ್ಟೋ ದೂರ. "ಮಾಗಡಿ ರಸ್ತೆ", "ಮೈಸೂರು ರಸ್ತೆ" ಎಂಬ ವಿಳಾಸಗಳ ಕಥೆಯೂ ಇದೇ. ಸಾಲದ್ದಕ್ಕೆ 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಗಿದೆ. ಫೋನಿನಲ್ಲಿ "ಬೆಂಗಳೂರು ದಕ್ಷಿಣ" ಎಂದು ಹುಡುಕಿದರೆ ಜಯನಗರ, ಜೆ.ಪಿ. ನಗರದ ಹೋಟೆಲುಗಳೂ ಬಂದು ಕೂರುತ್ತವೆ. ಆದ್ದರಿಂದ ಜಿಲ್ಲೆಯ ಹೆಸರು ಬಿಟ್ಟು ಊರಿನ ಹೆಸರು, ಪಿನ್‌ಕೋಡ್ ನೋಡಿ. ನಕ್ಷೆಯಲ್ಲಿ ರಾಮನಗರದ ರೈಲು ನಿಲ್ದಾಣದಿಂದ ಎಷ್ಟು ದೂರ ಎಂದು ಅಳೆದು ನೋಡಿ.

ಕನಕಪುರದ ಸೊಗಸು ಇರುವುದು ಪೇಟೆಯಲ್ಲಲ್ಲ, ದಕ್ಷಿಣಕ್ಕೆ ಇಳಿದಂತೆಲ್ಲ ಕಾಣಸಿಗುವ ಕಾಡು ಮತ್ತು ಕಾವೇರಿಯಲ್ಲಿ. ಅರ್ಕಾವತಿ ಬಂದು ಕಾವೇರಿಗೆ ಸೇರುವ ಸಂಗಮ, ಅಲ್ಲಿಂದ ಮುಂದೆ ಬಂಡೆಗಳ ಸೀಳಿನಲ್ಲಿ ನದಿ ನುಗ್ಗುವ ಮೇಕೆದಾಟು, ಕಾವೇರಿ ವನ್ಯಜೀವಿ ಧಾಮ. ನದಿಯ ದಡದ ಗಾಳಿಬೋರೆಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ, ಕಾಡಿನ ಮೌನ ಬೇಕೆನ್ನುವವರಿಗೆ ಬಹಳ ಒಳ್ಳೆಯ ಜಾಗ. ಆದರೆ ನಿಮ್ಮ ತಂಡಕ್ಕೆ ನಾಲ್ಕು ರಾತ್ರಿಗೆ ಅದು ಒಗ್ಗುವುದಿಲ್ಲ. ಅಲ್ಲಿಂದ ಚನ್ನಪಟ್ಟಣ, ಸಾವನದುರ್ಗ ಎಲ್ಲವೂ ದೂರ, ಆಸ್ಪತ್ರೆ ದೂರ, ಆನೆ ಓಡಾಡುವ ದಾರಿಯಾದ್ದರಿಂದ ಕತ್ತಲಾದ ಮೇಲೆ ಹೊರಡುವ ಹಾಗಿಲ್ಲ. ರಾಮನಗರದಲ್ಲಿದ್ದುಕೊಂಡು ಮೇಕೆದಾಟಿಗೆ ಹೋಗಿಬರುತ್ತೇವೆಂದರೂ ಒಂದು ಬದಿಗೇ ಎರಡು ಗಂಟೆಯ ಹತ್ತಿರ ಬೇಕು. ಈ ಸಲ ಮೇಕೆದಾಟನ್ನು ಬಿಡಿ. ಮಗ ಮತ್ತು ಸೊಸೆ ಇನ್ನೊಮ್ಮೆ ಬಂದಾಗ ಅವರಿಬ್ಬರೇ ಹೋಗಿ ಎರಡು ರಾತ್ರಿ ಇದ್ದು ಬರಲಿ.

ಈಜುಕೊಳದ ಮಾತಿಗೂ ಒಂದು ಉತ್ತರವಿದೆ. ಫೀನಿಕ್ಸ್ ಮರುಭೂಮಿಯ ನಗರ. ಕಡು ಬೇಸಿಗೆಯ ಎಚ್ಚರಿಕೆ ಇರುವ ದಿನಗಳಲ್ಲಿ ಅಲ್ಲಿನ ಕ್ಯಾಮಲ್‌ಬ್ಯಾಕ್ ಬೆಟ್ಟದ ಹಾದಿಯನ್ನು ಹಗಲು ಹೊತ್ತು ಮುಚ್ಚಿಬಿಡುತ್ತಾರೆ. ಅಂಥ ಊರಿನಲ್ಲಿ ಉಳಿದುಕೊಳ್ಳುವ ಜಾಗವೆಂದರೆ ಮಧ್ಯಾಹ್ನದ ಬಿಸಿಲಿನಿಂದ ತಪ್ಪಿಸಿಕೊಳ್ಳುವ ಜಾಗ. ನೀರು, ನೆರಳು, ಏಸಿ ನೋಡಿಯೇ ಆರಿಸಬೇಕು. ನಿಮ್ಮ ಮಗನಿಗೆ ಆ ಅಭ್ಯಾಸ ಬಂದಿರುವುದು ಸಹಜ. ರಾಮನಗರವೂ ಬಂಡೆಯ ನಾಡೇ, ಏಪ್ರಿಲ್‌ನಲ್ಲಿ ಬಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಗಿನ ಜಾವ ಸ್ವೆಟರ್ ಬೇಕು, ಮಧ್ಯಾಹ್ನದ ಬಿಸಿಲು ಹಿತವಾಗಿರುತ್ತದೆ. ಕೊಳಕ್ಕೆ ದುಡ್ಡು ಕೊಡುವ ಬದಲು ಲಿಫ್ಟ್ ಇರುವ ಕಟ್ಟಡಕ್ಕೆ ಕೊಡಿ.

ಇನ್ನು ಮಾಗಡಿ. ಕೆಂಪೇಗೌಡರ ಊರು, ಸೋಮೇಶ್ವರ ದೇವಸ್ಥಾನ, ಕೋಟೆ, ತಿರುಮಲೆಯ ರಂಗನಾಥಸ್ವಾಮಿ, ಹತ್ತಿರದಲ್ಲೇ ಸಾವನದುರ್ಗ. ಊರು ಮನಸ್ಸಿಗೆ ಹಿಡಿಸುತ್ತದೆ, ಆದರೆ ನಿಮ್ಮ ಅಳತೆಯ ಕುಟುಂಬ ನಾಲ್ಕು ದಿನ ಇರುವಂಥ ವಸತಿ ಕಡಿಮೆ, ಸಂಜೆ ಏಳರ ಮೇಲೆ ಮಕ್ಕಳಿಗೆ ಮಾಡಲು ಏನೂ ಇಲ್ಲ. ನಿಮಗೆ ಮಾಗಡಿಯಲ್ಲಿ ಉಳಿಯುವ ಅಗತ್ಯವೂ ಇಲ್ಲ. ಹಾಸನದಿಂದ ಬರುವಾಗ ಕುಣಿಗಲ್‌ನಲ್ಲಿ ತಿರುಗಿದರೆ ಮಾಗಡಿಯ ಮೇಲೆಯೇ ರಾಮನಗರಕ್ಕೆ ಇಳಿಯಬಹುದು. ದಾರಿಯಲ್ಲೇ ಸೋಮೇಶ್ವರನನ್ನು ನೋಡಿ. ಅದು ಅವರೆಕಾಯಿಯ ಕಾಲ, ಮಾಗಡಿ ಅವರೆ ಹೆಸರಾದದ್ದು. ಸೊಗಡಿರುವ ಕಾಯಿ ಒಂದೆರಡು ಕೆ.ಜಿ. ಕಟ್ಟಿಸಿಕೊಳ್ಳಿ. ಅದು ಎಲ್ಲಿಗೆ ಎಂದು ಮುಂದೆ ಹೇಳುತ್ತೇನೆ.

ಚನ್ನಪಟ್ಟಣ ರಾಮನಗರದಿಂದ ಹನ್ನೆರಡು ಕಿಲೋಮೀಟರ್ ಅಷ್ಟೆ. ಬೊಂಬೆ, ದೊಡ್ಡಮಳೂರು, ಕೆಂಗಲ್ ಆಂಜನೇಯ, ನಿಮ್ಮ ನಾದಿನಿ, ಎಲ್ಲ ಇರುವುದು ಈ ಕಡೆಯೇ. ಆದರೆ ಮಂಡಿಯ ಪ್ರಶ್ನೆಗೆ ನಾದಿನಿಯ ಮನೆಯ ಮೆಟ್ಟಿಲೇ ಉತ್ತರ ಕೊಟ್ಟುಬಿಟ್ಟಿದೆ. ಒಂಬತ್ತು ಜನಕ್ಕೆ ಒಂದು ಬಚ್ಚಲಾದರೆ ಬೆಳಗ್ಗೆ ಹತ್ತು ಗಂಟೆಯವರೆಗೆ ಯಾರೂ ಮನೆ ಬಿಡಲಾರರು. ಇನ್ನೊಂದು ಮಾತೂ ಇದೆ. ಎಲ್ಲರೂ ಆ ಮನೆಯಲ್ಲೇ ಉಳಿದರೆ ನಾಲ್ಕು ದಿನವೂ ಒಲೆಯ ಮುಂದೆ ನಿಲ್ಲುವವರು ನಿಮ್ಮ ನಾದಿನಿ ಮತ್ತು ನೀವು. ಮೊಮ್ಮಕ್ಕಳ ಜೊತೆ ಕಳೆಯಬೇಕಾದ ನಾಲ್ಕು ದಿನ ರೊಟ್ಟಿ ತಟ್ಟುವುದರಲ್ಲೇ ಮುಗಿಯುತ್ತದೆ. ಅವಳಿಗೂ ಅಣ್ಣನ ಜೊತೆ ಕೂತು ಮಾತಾಡಲು ಹೊತ್ತು ಸಿಗುವುದಿಲ್ಲ.

ಹಾಗಾಗಿ ರಾಮನಗರ. ನಾಲ್ಕು ರಾತ್ರಿಯೂ ಒಂದೇ ಕಡೆ, ಪೆಟ್ಟಿಗೆ ಬಿಚ್ಚುವುದು ಒಂದೇ ಸಲ. ಸಾವನದುರ್ಗ ಒಂದು ಕಡೆ, ಚನ್ನಪಟ್ಟಣ ಇನ್ನೊಂದು ಕಡೆ, ನಡುವೆ ಈ ಊರು. ಜಿಲ್ಲಾ ಆಸ್ಪತ್ರೆ ಇಲ್ಲೇ ಇದೆ. ಯಜಮಾನರ ಮಾರುಕಟ್ಟೆಯೂ ಇಲ್ಲೇ. ರಾಮನಗರದಲ್ಲಿ ಮನಸ್ಸಿಗೆ ಬರುವ ರೂಮು ಸಿಗದಿದ್ದರೆ ಬೆಂಗಳೂರು ಕಡೆಗೆ ಬಿಡದಿ ನೋಡಿ. ಅಲ್ಲಿ ದೊಡ್ಡ ಹೋಟೆಲು, ರೆಸಾರ್ಟುಗಳಿವೆ, ಬೆಳಗ್ಗೆ ತಟ್ಟೆ ಇಡ್ಲಿಯೂ ಆಗುತ್ತದೆ. ಆದರೆ ವಂಡರ್‌ಲಾ ಇರುವ ಊರಾದ್ದರಿಂದ ರಜೆಯ ವಾರದಲ್ಲಿ ಗಿಜಿಗಿಜಿ ಎನ್ನುತ್ತದೆ.

ಬುಕ್ ಮಾಡುವ ಮುಂಚೆ ಮಗ ಫೋಟೋ ನೋಡಿ ಒಪ್ಪುವುದು ಬೇಡ. ಯಜಮಾನರೇ ಫೋನ್ ಮಾಡಿ ಕೇಳಲಿ. ರೂಮು ನೆಲಮಹಡಿಯಲ್ಲಿದೆಯೇ, ಮೇಲಾದರೆ ಲಿಫ್ಟ್ ಇದೆಯೇ, ಕರೆಂಟು ಹೋದಾಗ ಲಿಫ್ಟ್ ಜನರೇಟರ್‌ನಲ್ಲಿ ಓಡುತ್ತದೆಯೇ? ಬಚ್ಚಲಲ್ಲಿ ಕಮೋಡ್ ಇದೆಯೇ, ಬಚ್ಚಲಿಗೆ ಹತ್ತಿ ಇಳಿಯುವ ಮೆಟ್ಟಿಲಿದೆಯೇ? ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ? ಕಿಟಕಿ ರಸ್ತೆಯ ಕಡೆಗೋ ಹಿಂದಿನ ಕಡೆಗೋ? ರಾತ್ರಿಯಿಡೀ ಲಾರಿ ಓಡುವ ರಸ್ತೆ ಅದು, ಹಿಂದಿನ ಕಡೆಯ ರೂಮನ್ನೇ ಕೇಳಿ. ಹೊಸ ವರ್ಷದ ಪಾರ್ಟಿಗೆಂದು ಡಿಜೆ ಹಾಕುತ್ತಾರೆಯೇ ಎಂದೂ ವಿಚಾರಿಸಿ. ಡಿಸೆಂಬರ್ 30ರ ಬೆಳಗ್ಗೆ ಹೊರಟುಬಿಡುವ ಹಾಗೆ ದಿನ ಹಾಕಿಕೊಂಡರೆ ಆ ಗಲಾಟೆಯೂ, ಆ ದಿನಗಳ ಹೆಚ್ಚಿನ ದರವೂ ತಪ್ಪುತ್ತದೆ.

ಈಗ ನಾದಿನಿಯ ವಿಷಯ. ಇದೇ ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವುದು. ಅವಳ ಮಾತು ಹಟವಲ್ಲ. ತವರಿನವರು ಊರಿಗೆ ಬಂದು ತನ್ನ ಮನೆ ಬಿಟ್ಟು ಬೇರೆ ಕಡೆ ಮಲಗಿದರೆ ತನ್ನ ಮನೆ ಅವರಿಗೆ ಸಾಲದಾಯಿತು ಎಂದು ಅನ್ನಿಸುತ್ತದೆ. ಅಮೆರಿಕದ ಅಣ್ಣನ ಮಗ ಬಂದಾಗಂತೂ ಇನ್ನೂ ಹೆಚ್ಚು. ಆ ನೋವು ಆಗಬಾರದೆಂದರೆ ಮೂರು ಕೆಲಸ ಮಾಡಿ.

ಮೊದಲನೆಯದು, ಫೋನ್ ಮಾಡಬೇಕಾದವರು ನೀವಲ್ಲ, ನಿಮ್ಮ ಮಗನೂ ಅಲ್ಲ. ಅವಳ ಅಣ್ಣ. ಅತ್ತಿಗೆ ಹೇಳಿದರೆ ಅತ್ತಿಗೆ ಬೇಡವೆಂದಳು ಎಂದಾಗುತ್ತದೆ, ಅಳಿಯನೋ ಸೊಸೆಯೋ ಹೇಳಿದರೆ ದೊಡ್ಡಸ್ತಿಕೆ ಎಂದಾಗುತ್ತದೆ. ಅಣ್ಣ ಹೇಳಿದರೆ ಅದು ಅಣ್ಣನ ಮಂಡಿಯ ಮಾತಾಗಿಯೇ ಉಳಿಯುತ್ತದೆ. "ನೋಡವ್ವ, ನಿನ್ನ ಮನೆ ಮೆಟ್ಟಿಲು ಒಂದು ಸಲ ಹತ್ತಿ ಇಳಿಯೋ ಶಕ್ತಿ ನನ್ನ ಕಾಲಿಗಿದೆ, ದಿನಕ್ಕೆ ನಾಲ್ಕು ಸಲ ಇಲ್ಲ. ಮಲಗೋದು ರಾಮನಗರದಲ್ಲಿ, ಊಟ ನಿನ್ನ ಕೈಯಿಂದ" ಎಂದು ಅವರೇ ಹೇಳಲಿ. ಯಜಮಾನರು ಏನೂ ಅನ್ನುವುದಿಲ್ಲ ಎಂದು ಬರೆದಿದ್ದೀರಿ. ಈ ಒಂದು ಮಾತನ್ನು ಅವರೇ ಆಡಬೇಕು. ಅವರ ಮೌನದ ಭಾರ ಇಷ್ಟು ದಿನ ನೀವು ಹೊತ್ತದ್ದು ಸಾಕು.

ಎರಡನೆಯದು, ಮೊದಲ ದಿನ ರೂಮಿಗೆ ಹೋಗುವ ಮುಂಚೆ ಅವಳ ಮನೆಗೇ ಹೋಗಿ. ಸೀರೆ, ಅರಿಶಿನ ಕುಂಕುಮ, ಹಣ್ಣು, ಜೊತೆಗೆ ಮಾಗಡಿಯ ಅವರೆ. ಹಿತಕಿದ ಬೇಳೆ ಸಾರು, ಮುದ್ದೆ ಅವಳೇ ಮಾಡಲಿ. ಎಲ್ಲರೂ ಕೂತು ಕಾಳು ಹಿತಕುವಾಗ ಅಮೆರಿಕದ ಮಕ್ಕಳೂ ಕೈಹಾಕಲಿ.

ಮೂರನೆಯದು, ಕೊನೆಯ ರಾತ್ರಿ ಮಗ, ಸೊಸೆ, ಮೊಮ್ಮಕ್ಕಳು ಅತ್ತೆಯ ಮನೆಯಲ್ಲಿ ಮಲಗಲಿ. ಚಾಪೆ ಹಾಸಿ ಸಾಲಾಗಿ ಮಲಗುವುದು ಮಕ್ಕಳಿಗೆ ಇಷ್ಟವಾಗುತ್ತದೆ. ನೀವಿಬ್ಬರು ರಾಮನಗರಕ್ಕೆ ವಾಪಸು ಬನ್ನಿ. ಏಳು ಜನ ಒಂದು ರಾತ್ರಿ ಒಂದು ಬಚ್ಚಲಲ್ಲಿ ಸುಧಾರಿಸಬಹುದು. ಮಗನಿಗೆ ಇದನ್ನು ಈಗಲೇ ಹೇಳಿ ಒಪ್ಪಿಸಿ. ಅವನು ನಾಲ್ಕು ರಾತ್ರಿಗೆ ಆಗುವುದಿಲ್ಲ ಎಂದನೇ ಹೊರತು ಅತ್ತೆಯೇ ಬೇಡ ಎನ್ನಲಿಲ್ಲ.

ಹಗಲುಗಳನ್ನು ಹೀಗೆ ಹಂಚಿಕೊಳ್ಳಬಹುದು.

ಎರಡನೆಯ ದಿನ ಬೆಳಗ್ಗೆ ಯಜಮಾನರದ್ದು. ಗೂಡಿನ ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಬೇಕು, ರೈತರು ಚೀಲ ಬಿಚ್ಚಿ ಗೂಡು ಸುರಿಯುವ ಹೊತ್ತಿಗೆ. ಬಿಳಿ ಗೂಡಿನ ರಾಶಿ ಒಂದು ಕಡೆ, ಹಳದಿ ಗೂಡಿನದು ಇನ್ನೊಂದು ಕಡೆ. ರೀಲರುಗಳು ರಾಶಿಯೊಳಗೆ ಕೈಯಿಟ್ಟು ನಾಲ್ಕು ಗೂಡು ತೆಗೆದು, ಒತ್ತಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳಿ ಬೆಲೆ ಕಟ್ಟುತ್ತಾರೆ. ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ, ಆದರೆ ಗೂಡು ನೋಡುವ ಕೈ ಹಳೆಯದೇ. ಆ ಕೈಗೆ ಏನು ಗೊತ್ತಾಗುತ್ತದೆ ಎಂದು ಮಕ್ಕಳಿಗೆ ಹೇಳಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ. ಆ ಬೆಳಗ್ಗೆ ಅವರೇ ಮಾತಾಡಲಿ, ಉಳಿದವರು ಕೇಳಲಿ. ಅಲ್ಲಿಂದ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು ಕಟ್ಟಿದ, 1994ರಲ್ಲಿ ತೆರೆದ ಆ ಜಾಗದಲ್ಲಿ ನೆರಳಿದೆ, ಹೆಚ್ಚು ಹತ್ತಿ ಇಳಿಯುವುದಿಲ್ಲ, ಅಲ್ಲಲ್ಲಿ ಕೂತುಕೊಂಡು ನೋಡಬಹುದು. ಮಂಗಳವಾರ ರಜೆ ಇರುತ್ತದೆ, ದಿನ ನೋಡಿಕೊಳ್ಳಿ. 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತದೆ. ಜಾನಪದ ಲೋಕ ಇರುವುದು ಹಳೆಯ ಹೆದ್ದಾರಿಯಲ್ಲಿ, ಡ್ರೈವರ್‌ಗೆ ಮೊದಲೇ ಹೇಳಿಡಿ.

ಮೂರನೆಯ ದಿನ ಎರಡು ಗುಂಪಾಗಿ. ಮಗ, ಸೊಸೆ, ಮೊಮ್ಮಗ ಬೆಳಗ್ಗೆ ಬೇಗ ಸಾವನದುರ್ಗಕ್ಕೆ ಹೋಗಲಿ. 1,226 ಮೀಟರ್ ಎತ್ತರದ ಬೆಟ್ಟ, ಬಹುಪಾಲು ಬೋಳು ಬಂಡೆಯ ಮೇಲೆಯೇ ಹತ್ತಬೇಕು. ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಬೇಕು, ರಜೆಯ ವಾರದಲ್ಲಿ ಬೇಗ ಭರ್ತಿಯಾಗುತ್ತದೆ. ನಿಮ್ಮ ಸೊಸೆಗೆ ಬಂಡೆಯೂ ಬಿಸಿಲೂ ಗೊತ್ತು. ಗೊತ್ತಿಲ್ಲದಿರುವುದು ಕರಡಿ ಮತ್ತು ಚಿರತೆ. ಇವು ಈ ಬೆಟ್ಟಗಳಲ್ಲಿ ಇವೆ; ಆದ್ದರಿಂದ ಕತ್ತಲಲ್ಲಿ ಹತ್ತುವುದು ಬೇಡ, ಗುರುತಿನ ದಾರಿ ಬಿಡುವುದು ಬೇಡ, ಮೇಲೆ ನೀರು ಸಿಗುವುದಿಲ್ಲವಾದ್ದರಿಂದ ತಲೆಗೆ ಎರಡು ಲೀಟರ್ ಹೊತ್ತೊಯ್ಯಲಿ. ಇಳಿದ ಮೇಲೆ ಹತ್ತಿರದ ಮಂಚನಬೆಲೆ ಜಲಾಶಯ ನೋಡಲಿ, ಆದರೆ ನೀರಿಗೆ ಇಳಿಯಬಾರದು. ಈಜು ಬರುವವರೂ ಅಲ್ಲಿ ಜೀವ ಕಳೆದುಕೊಂಡಿದ್ದಾರೆ.

ಅದೇ ಬೆಳಗ್ಗೆ ನಿಮ್ಮದು. ನೀವು, ಯಜಮಾನರು, ಮೊಮ್ಮಗಳು, ಚನ್ನಪಟ್ಟಣದಲ್ಲಿ ನಾದಿನಿಯನ್ನು ಹತ್ತಿಸಿಕೊಂಡು ದೊಡ್ಡಮಳೂರಿಗೆ ಹೋಗಿ. ಧನುರ್ಮಾಸ, ಬೆಳಗಿನ ಪೂಜೆ, ಹುಗ್ಗಿಯ ಪ್ರಸಾದ. ವೈಕುಂಠ ಏಕಾದಶಿ ಎಂದು ಬೀಳುತ್ತದೆಂದು ಪಂಚಾಂಗದಲ್ಲಿ ನೋಡಿ, ಆ ಒಂದು ದಿನ ಬಿಟ್ಟುಬಿಡಿ. ನೂಕುನುಗ್ಗಲಿನಲ್ಲಿ ಯಜಮಾನರು ನಿಲ್ಲಲಾರರು. ಅಪ್ರಮೇಯನ ದರ್ಶನ ಮಾಡಿ, ಅದೇ ಗುಡಿಯಲ್ಲಿರುವ ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣನಿಗೆ ನಿಮ್ಮ ತೊಟ್ಟಿಲು ಕಟ್ಟಿ. ಯಾರಿಗಾಗಿ ಹೊತ್ತ ಹರಕೆಯೋ ಆ ಮಗುವಿನ ಕೈಯಿಂದಲೇ ಕಟ್ಟಿಸಬಹುದು. ಗಡಿಯಾರ ನೋಡುತ್ತಾ ಯಾರೂ ನಿಮ್ಮನ್ನು ಅವಸರ ಮಾಡದ ದಿನವೆಂದೇ ಇದನ್ನು ಇಲ್ಲಿ ಇಟ್ಟಿದ್ದೇನೆ.

ನಾಲ್ಕನೆಯ ದಿನ ಮಕ್ಕಳದ್ದು. ಬೆಳಗ್ಗೆ ರಾಮದೇವರ ಬೆಟ್ಟ, ಬಾಗಿಲು ತೆರೆದ ಕೂಡಲೇ ಹೋಗಿ. 1975ರಲ್ಲಿ ಬಂದ ಶೋಲೆಯ ರಾಮಗಢದ ಸೆಟ್ ಈಗಿಲ್ಲ, ಮೊಮ್ಮಗನಿಗೆ ಮೊದಲೇ ಹೇಳಿ, ಅಲ್ಲಿ ಹೋಗಿ ಪೆಚ್ಚಾಗುವುದು ಬೇಡ. ಬಂಡೆಗಳು ಮಾತ್ರ ಅವೇ. 2012ರಿಂದ ಅದು ರಣಹದ್ದುಗಳ ಅಭಯಾರಣ್ಯ. ಹದ್ದುಗಳು ಈಗ ಬಹಳ ಕಡಿಮೆಯಾಗಿವೆ, ಚಳಿಗಾಲ ಅವು ಗೂಡುಕಟ್ಟುವ ಕಾಲ. ಕೂಗು, ಹಾಡು, ಹಗ್ಗ ಹಾಕಿ ಬಂಡೆ ಹತ್ತುವುದು ಇಲ್ಲಿ ಬೇಡವೆಂದು ಸೊಸೆಗೂ ತಿಳಿಸಿ. ನೀವಿಬ್ಬರು ಮೆಟ್ಟಿಲ ಬುಡದಲ್ಲೇ ಇರಿ, ಇಲ್ಲವೇ ರೂಮಿನಲ್ಲೇ ನಿದ್ದೆ ಮುಗಿಸಿ.

ಮಧ್ಯಾಹ್ನ ಚನ್ನಪಟ್ಟಣದ ಬೊಂಬೆ. ಹೆದ್ದಾರಿಯ ಅಂಗಡಿಯಲ್ಲಿ ಕೊಳ್ಳುವ ಮುಂಚೆ ಮೊಮ್ಮಗಳಿಗೆ ಮಾಡುವುದನ್ನು ತೋರಿಸಿ. ನಾದಿನಿಗೆ ಪರಿಚಯದ ಕುಶಲಕರ್ಮಿಗಳ ಮನೆ ಇದ್ದೇ ಇರುತ್ತದೆ. ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಕಣ್ಣೆದುರೇ ಹೊಳಪು ಬರುತ್ತದೆ. ಅಲ್ಲೇ ಕೊಂಡರೆ ದುಡ್ಡೂ ಮಾಡಿದವರ ಕೈಗೇ ಸೇರುತ್ತದೆ. ಆ ರಾತ್ರಿ ಅತ್ತೆಯ ಮನೆ.

ನಿಮ್ಮ ಯೋಜನೆಯಲ್ಲಿ ಬಿಟ್ಟುಹೋದದ್ದು ಮೇಕೆದಾಟು ಮತ್ತು ಈಜುಕೊಳ ಎರಡೇ. ಆ ಎರಡನ್ನೂ ಬಿಟ್ಟುಕೊಡುತ್ತಿರುವವನು ಮಗ ಎಂಬುದನ್ನು ಮರೆಯಬೇಡಿ. ಅವನು ಅಷ್ಟು ದೂರದಿಂದ ಹಣ ಖರ್ಚು ಮಾಡಿ ಬರುತ್ತಿರುವುದು ಅಪ್ಪ, ಅಮ್ಮನ ಜೊತೆ ಇರಲಿಕ್ಕೆ. ನೇರವಾಗಿ ಹೇಳಿ, ಒಪ್ಪುತ್ತಾನೆ.

ಈ ವಾರ ಮಾಡಬೇಕಾದ್ದನ್ನು ಸಾಲಾಗಿ ಹೇಳುತ್ತೇನೆ. ಇವತ್ತು ಸಂಜೆ ಯಜಮಾನರು ತಂಗಿಗೆ ಫೋನ್ ಮಾಡಲಿ. ನಾಳೆ ರಾಮನಗರದಲ್ಲಿ ಅಕ್ಕಪಕ್ಕದ ಎರಡು ರೂಮು ವಿಚಾರಿಸಿ ಮುಂಗಡ ಕೊಡಿ, ರಜೆಯ ವಾರಕ್ಕೆ ತಡಮಾಡಿದರೆ ಮೇಲಿನ ಮಹಡಿಯೇ ಗತಿ. ನಾಡಿದ್ದು ಸೊಸೆ ಅರಣ್ಯ ಇಲಾಖೆಯ ಬುಕಿಂಗ್ ಮುಗಿಸಲಿ. ಫೋನ್ ಮೊದಲು, ಮುಂಗಡ ಆಮೇಲೆ. ಈ ಕ್ರಮ ಮಾತ್ರ ತಪ್ಪಿಸಬೇಡಿ. ರೂಮು ಕಾಯ್ದಿರಿಸಿದ ಸುದ್ದಿ ನಾದಿನಿಗೆ ಬೇರೆ ಯಾರಿಂದಲೋ ತಿಳಿದರೆ ಅದಕ್ಕೆ ಸಮಾಧಾನ ಹೇಳುವುದು ಕಷ್ಟ, ಅಣ್ಣನ ಬಾಯಿಂದ ಮೊದಲೇ ತಿಳಿದರೆ ಕಾಯ್ದಿರಿಸುವ ಮುಂಚೆ ಒಳ್ಳೆಯ ಲಾಡ್ಜ್ ಯಾವುದೆಂದು ಅವಳೇ ವಿಚಾರಿಸಿ ಹೇಳುತ್ತಾಳೆ.